ಹಾರದ ಚಿಟ್ಟೆ, ರೆಕ್ಕೆಯಿಲ್ಲದ ಮಿಡತೆ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗುವಾಗ ಇನ್ನೂ ಅಲ್ಲಲ್ಲಿ ಹಿಪ್ಪುನೇರಳೆ ತೋಟಗಳು ಸಿಗುತ್ತವೆ. ಮಳೆ ನಿಂತ ಮಾರನೆಯ ಬೆಳಿಗ್ಗೆ ಅಂಥದೊಂದು ತೋಟದ ಬದುವಿನಲ್ಲಿ ಕೂತು ಸೊಪ್ಪನ್ನೇ ನೋಡುತ್ತಿದ್ದೆ. ಒಂದು ಎಲೆಯ ಅಂಚು ತಾನಾಗಿ ಸವೆಯುತ್ತಿರುವ ಹಾಗೆ ಕಂಡಿತು. ಬಗ್ಗಿ ನೋಡಿದಾಗಲೇ ತಿಳಿದದ್ದು, ಎಲೆಯ ಬಣ್ಣಕ್ಕೆ ಬಣ್ಣ ಕೂಡಿಸಿಕೊಂಡು ಅಲ್ಲೊಂದು ಮಿಡತೆ ಕೂತಿದೆ ಎಂದು. ಬೆರಳಿನ ಒಂದು ಗೆಣ್ಣಿಗಿಂತ ಸ್ವಲ್ಪ ಉದ್ದ, ಚೂಪು ಮೋರೆ, ಬೆನ್ನ ಮೇಲೆ ರೆಕ್ಕೆಯ ಸುಳಿವಿಲ್ಲ. ಅದರ ಬೆನ್ನೇರಿ ಅದಕ್ಕಿಂತ ಸಣ್ಣದು ಇನ್ನೊಂದು, ಅದು ಗಂಡು. ಕೈ ಚಾಚಿದರೆ ಎರಡೂ ಒಟ್ಟಿಗೇ ಎಲೆಯ ಆಚೆ ಮಗ್ಗುಲಿಗೆ ಸರಿದವು. ಇನ್ನೂ ಹತ್ತಿರ ಹೋದಾಗ ಕುಪ್ಪಳಿಸಿ ಬದುವಿನ ಹುಲ್ಲಿಗೆ ಬಿದ್ದವು. ಹೆಣ್ಣು ಅಷ್ಟು ಹೊತ್ತೂ ತಿನ್ನುವುದನ್ನು ಬಿಟ್ಟಿರಲಿಲ್ಲ.

ಅದೇ ತೋಟದ ಸೊಪ್ಪು ಬಿಸಿಲೇರುವ ಮುಂಚೆ ಕೊಯ್ದು, ಒದ್ದೆ ಗೋಣಿತಾಟು ಹೊದಿಸಿ, ಹುಳು ಮನೆಗೆ ಹೋಗುತ್ತದೆ. ಅಲ್ಲಿ ಅದನ್ನು ತಿನ್ನುವುದು ಮುಂದೆ ಚಿಟ್ಟೆಯಾಗಬೇಕಾದ ರೇಷ್ಮೆ ಹುಳು. ಪುಸ್ತಕದ ಕನ್ನಡ ಅದನ್ನು ಪತಂಗ ಎನ್ನುತ್ತದೆ; ರೇಷ್ಮೆ ಮೊಟ್ಟೆ ತಯಾರಿಸುವ ಕೊಳ್ಳೇಗಾಲದ ಬಿತ್ತನೆ ಕೋಠಿಯಲ್ಲಿ ಯಾರ ಬಾಯಲ್ಲೂ ಆ ಮಾತು ಬರುವುದಿಲ್ಲ, ಅಲ್ಲಿ ಅದು ಚಿಟ್ಟೆಯೇ. ಆ ಮಾತನ್ನೇ ಇಲ್ಲೂ ಉಳಿಸಿಕೊಳ್ಳುತ್ತೇನೆ. ಚಿಟ್ಟೆಗೆ ಶಾಸ್ತ್ರದ ಹೆಸರು ಬಾಂಬಿಕ್ಸ್ ಮೋರಿ. ಮಿಡತೆಯ ಹೆಸರು ನಿಯೋರ್ಥಾಕ್ರಿಸ್ ಅಕ್ಯುಟಿಸೆಪ್ಸ್ ನೀಲ್‌ಗಿರಿಯೆನ್ಸಿಸ್. ಅಕ್ಯುಟಿಸೆಪ್ಸ್ ಎಂದರೆ ಚೂಪುತಲೆಯದು. ಕೊನೆಯ ಪದದಲ್ಲಿ ನೀಲಗಿರಿ ಇದೆ. ಈ ಉಪಪ್ರಭೇದಕ್ಕೆ ಹೆಸರಿಟ್ಟವರು ಬೋರಿಸ್ ಉವರೋವ್. ಒಂಟಿಯಾಗಿರುವ ಮಿಡತೆಯೂ ದಂಡು ಕಟ್ಟಿ ಬರುವ ಮಿಡತೆಯೂ ಒಂದೇ ಜಾತಿಯ ಎರಡು ಅವಸ್ಥೆಗಳು ಎಂದು 1921ರಲ್ಲಿ ತೋರಿಸಿಕೊಟ್ಟವರೂ ಅವರೇ.

ಎರಡನ್ನೂ ಒಟ್ಟಿಗಿಟ್ಟು ನೋಡಲು ನನಗೆ ಕಾರಣ ಆ ಎಲೆ. ಹೋಲಿಕೆಯೊಂದೇ ಬೇಕಿದ್ದರೆ ಎಕ್ಕದ ಗಿಡದ ಮೇಲಿನ ಹಳದಿ-ನೀಲಿ ಪಟ್ಟೆಯ ಮಿಡತೆಯನ್ನು ತೆಗೆದುಕೊಳ್ಳಬಹುದಿತ್ತು, ಅದು ನೋಡಲು ಎಷ್ಟೋ ಚೆಂದ. ಆದರೆ ಈ ಸೀಮೆಯಲ್ಲಿ ಒಬ್ಬನೇ ರೈತನ ಒಂದೇ ತೋಟದಲ್ಲಿ ಒಂದು ಮಿಡತೆಯ ಲೆಕ್ಕವೂ ಒಂದು ಚಿಟ್ಟೆಯ ಲೆಕ್ಕವೂ ಕೂಡುವುದು ಹಿಪ್ಪುನೇರಳೆಯಲ್ಲಿ. ಒಂದಕ್ಕೆ ರೆಕ್ಕೆಯಿದ್ದೂ ಹಾರಲಾರದು, ಇನ್ನೊಂದಕ್ಕೆ ರೆಕ್ಕೆಯೇ ಇಲ್ಲ. ಒಂದರ ಮೇಲೆ ಜಗತ್ತಿನಲ್ಲಿ ಬರೆದದ್ದು ಒಂದು ಗ್ರಂಥಾಲಯ ತುಂಬುತ್ತದೆ. ಇನ್ನೊಂದು ಪೀಡೆಗಳ ಪಟ್ಟಿಯಲ್ಲಿ, ಬಹುತೇಕ ಕೊನೆಯ ಸಾಲುಗಳಲ್ಲಿ, ಬಂದು ಹೋಗುತ್ತದೆ.

ಈ ಸೀಮೆಯ ಬಗ್ಗೆ ಎರಡು ಮಾತು. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರಿನಲ್ಲಿ ರೇಷ್ಮೆ ಸಾಕಣೆಗೆ ಕೈಹಾಕಿದ ಕಥೆ ಎಲ್ಲರಿಗೂ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ, ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ, 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರು. ಹನೂರು ತೀರ ಈಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನದೇ ಭಾಗ. ಸರ್ಕಾರ ಎರಡಾದರೂ ಹುಳು ಒಂದೇ. ಮದ್ರಾಸ್ ಪ್ರಾಂತದಲ್ಲಿ ರೇಷ್ಮೆ ಎಂದರೆ ಬಹುಮಟ್ಟಿಗೆ ಕೊಳ್ಳೇಗಾಲ ಎಂಬಂತಿತ್ತು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ, ಹತ್ತಿರದ ಸಂತೇಮರಹಳ್ಳಿಯಲ್ಲಿ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಗಳು ಬಂದವು. ಈಗ ಬಾಳೆ, ಅರಿಸಿನ, ಕಬ್ಬು ಎಷ್ಟೋ ಹಿಪ್ಪುನೇರಳೆ ತೋಟಗಳನ್ನು ನುಂಗಿವೆ. ಆದರೂ ಹುಳುವಿನ ಭಾಷೆ ಇಲ್ಲಿನ ಮನೆಗಳಿಂದ ಹೋಗಿಲ್ಲ.

ಆ ಭಾಷೆಯಲ್ಲಿ ನನಗೆ ತುಂಬ ಇಷ್ಟವಾದ ಮಾತು ‘ಜ್ವರ’. ಹುಳು ಪೊರೆ ಬಿಡುವುದಕ್ಕೆ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ, ಒಂದು ದಿನದಷ್ಟು ಹೊತ್ತು ಅಲುಗದೆ ಇರುತ್ತದೆ. ಚಿಕ್ಕವನಿದ್ದಾಗ ನಾನು ಸೊಪ್ಪಿನ ಹಿಡಿ ಎತ್ತಿಕೊಂಡು ತಟ್ಟೆಯ ಹತ್ತಿರ ಹೋದರೆ ಮನೆಯ ಹಿರಿಯಜ್ಜಿ ತಡೆಯುತ್ತಿದ್ದರು: “ಜ್ವರಕ್ಕ ಕೂತವ ಕನಪ್ಪ, ಸೊಪ್ಪಾಕ್ಬ್ಯಾಡ. ಎದ್ದ ಮ್ಯಾಲ ಅವೇ ಕೇಳ್ತವ.” ಸುಣ್ಣದ ಪುಡಿ ತೆಳ್ಳಗೆ ಉದುರಿಸಿ ಹಾಸಿಗೆ ಒಣಗಲು ಬಿಡುತ್ತಿದ್ದರು. ನಾಲ್ಕು ಜ್ವರ, ಐದು ಹಂತ, ಒಟ್ಟು 24ರಿಂದ 28 ದಿನ. ಅಷ್ಟರಲ್ಲಿ ಹುಳುವಿನ ತೂಕ ಹುಟ್ಟಿದಾಗಿನದರ ಹತ್ತು ಸಾವಿರ ಪಟ್ಟು ಆಗುತ್ತದೆ. ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊನೆಯ ಹಂತದ್ದೇ. ಆಗ ಹುಳು ಮನೆಯಲ್ಲಿ ರಾತ್ರಿ ಮಲಗಿದರೆ ಹಂಚಿನ ಮೇಲೆ ಸಣ್ಣ ಮಳೆ ಬೀಳುವ ಸದ್ದು.

ಮಿಡತೆಗೂ ಜ್ವರ ಬರುತ್ತದೆ. ಕಡ್ಡಿಗೆ ತಲೆಕೆಳಗಾಗಿ ಜೋತುಬಿದ್ದು ಹಳೆಯ ತೊಗಲಿನಿಂದ ಜಾರಿ ಹೊರಬರುತ್ತದೆ. ಪೊರೆ ಬಿಡಿಸುವ ಎಕ್ಡೈಸೋನ್ ಎಂಬ ಚೋದಕ ಎರಡಕ್ಕೂ ಒಂದೇ. ಅದನ್ನು 1954ರಲ್ಲಿ ವಿಜ್ಞಾನಿಗಳಾದ ಬೂಟೆನಾಂಟ್ ಮತ್ತು ಕಾರ್ಲ್‌ಸನ್ ಮೊದಲ ಬಾರಿಗೆ ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ಕೋಶಗಳಿಂದ, 500 ಕೆ.ಜಿ. ಕೋಶ ಅರೆದು ದೊರೆತದ್ದು 25 ಮಿಲಿಗ್ರಾಂ. ಇಂದು ನಮ್ಮ ರೈತರು ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಲಿ ಎಂದು ಕೊನೆಯಲ್ಲಿ ಸೊಪ್ಪಿಗೆ ಸಿಂಪಡಿಸುವ ‘ಸಂಪೂರ್ಣ’ ಇದೇ ಬಗೆಯ ಚೋದಕ, ಗಿಡದಿಂದ ತೆಗೆದದ್ದು. ಅಲ್ಲಿಯವರೆಗೆ ಮಿಡತೆಯೂ ಹುಳುವೂ ಒಂದೇ ದಾರಿಯವು. ಕವಲೊಡೆಯುವುದು ಅದರಾಚೆ.

ಮೊಟ್ಟೆಯೊಡೆದು ಬಂದ ಮಿಡತೆಮರಿ ಆಕಾರದಲ್ಲಿ ತಾಯಿಯ ಹಾಗೇ ಇರುತ್ತದೆ. ಬೇರೆ ಮಿಡತೆಗಳಲ್ಲಿ ಪ್ರತಿ ಪೊರೆಗೂ ರೆಕ್ಕೆಯ ಮೊಳಕೆ ಬೆಳೆಯುತ್ತದೆ, ಬಲಿತದ್ದನ್ನು ರೆಕ್ಕೆ ನೋಡಿ ಹೇಳಬಹುದು. ನಮ್ಮ ತೋಟದ ಮಿಡತೆಯಲ್ಲಿ ಆ ಗುರುತೂ ಇಲ್ಲ. ಎಳೆಯದಕ್ಕೂ ಬಲಿತದಕ್ಕೂ ಕಣ್ಣಿಗೆ ಕಾಣುವುದು ಗಾತ್ರದ ವ್ಯತ್ಯಾಸವಷ್ಟೇ. ಬಲಿತ ಮೇಲೂ ಅದು ತಿನ್ನುತ್ತಲೇ ಕೂಡುತ್ತದೆ, ಕೂಡುತ್ತಲೇ ತಿನ್ನುತ್ತದೆ, ಮೊಟ್ಟೆಯಿಟ್ಟು ಬಂದು ಮತ್ತೆ ತಿನ್ನುತ್ತದೆ. ಅದರ ಬಾಳಿನಲ್ಲಿ ಬಿಡುವು ಎಂಬುದಿಲ್ಲ.

ಚಿಟ್ಟೆಯ ಬಾಳು ಇಬ್ಭಾಗ. ಹಣ್ಣಾದ ಹುಳು ಗೂಡು ಕಟ್ಟಲೆಂದು ಇಟ್ಟ ಚಂದ್ರಿಕೆಯಲ್ಲಿ ಜಾಗ ಹುಡುಕಿ, ತಲೆಯನ್ನು ಇಂಗ್ಲಿಷಿನ ಎಂಟರಂತೆ ಆಡಿಸುತ್ತ, ಎರಡು ಮೂರು ದಿನ ಬಿಡದೆ ಒಂದೇ ಎಳೆ ಸುತ್ತುತ್ತದೆ. ಮೈಸೂರು ತಳಿಯ ಗೂಡಿನಲ್ಲಿ ಆ ಎಳೆ ನಾನೂರು ಮೀಟರಿನ ಆಸುಪಾಸು, ವರ್ಷಕ್ಕೆ ಎರಡು ಪೀಳಿಗೆಯ ಒಳ್ಳೆಯ ದ್ವಿತಳಿಯಲ್ಲಿ ಸಾವಿರ ಮೀಟರಿಗೂ ಮೇಲೆ. ಒಳಗೆ ಕೋಶವಾಗಿ ಹತ್ತು ಹನ್ನೆರಡು ದಿನ ಮೈಯನ್ನೇ ಕಳಚಿ ಕಟ್ಟಿಕೊಳ್ಳುತ್ತದೆ. ಹೊರಬಂದ ಚಿಟ್ಟೆಗೆ ತಿನ್ನುವ ಬಾಯಿಲ್ಲ. ಹುಳುವಾಗಿದ್ದಾಗ ತಿಂದದ್ದೇ ಬುತ್ತಿ.

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ರೇಷ್ಮೆ ಎಂಬ ಕಸುಬು ನಿಂತಿರುವುದು ಗೂಡಿನೊಳಗಿನ ಆ ಬಿಡುವಿನ ಮೇಲೆ. ಇಪ್ಪತ್ತೈದು ದಿನದ ಸೊಪ್ಪನ್ನು ಒಂದು ಜೀವ ಒಂದು ಕಡೆ ಕೂಡಿಟ್ಟು, ಬಾಗಿಲು ಹಾಕಿಕೊಂಡು, ಅಲುಗದೆ ಕೂತಿದ್ದಾಗ ಮನುಷ್ಯ ಕೈ ಚಾಚಿದ. ಗೂಡು ಕಟ್ಟಿದ ಐದಾರು ದಿನಕ್ಕೆ ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ತಡಮಾಡಿದರೆ ಚಿಟ್ಟೆ ಬಾಯಿಂದ ರಸ ಬಿಟ್ಟು ಅಂಟು ಕರಗಿಸಿ ತೂತು ಮಾಡಿ ಬರುತ್ತದೆ, ಎಳೆ ಕೆಡುತ್ತದೆ. ಮಿಡತೆ ತಿಂದದ್ದನ್ನೆಲ್ಲ ಆಗಿಂದಾಗ ಕಾಲಿಗೂ ಜಿಗಿತಕ್ಕೂ ಮೊಟ್ಟೆಗೂ ಖರ್ಚು ಮಾಡುತ್ತದೆ. ಅದರಲ್ಲಿ ನಾವು ನಡುವೆ ನಿಂತು ತೆಗೆದುಕೊಳ್ಳುವಂಥದ್ದು ಏನೂ ಇಲ್ಲ. ಮಿಡತೆ ಪೀಡೆಯಾದದ್ದಕ್ಕೂ ಹುಳು ಮನೆಮಗುವಾದದ್ದಕ್ಕೂ ಅವುಗಳ ಹಸಿವು ಕಾರಣವಲ್ಲ. ಸೊಪ್ಪು ತಿನ್ನುವುದರಲ್ಲಿ ಹುಳುವಿನ ಮುಂದೆ ಮಿಡತೆ ಏನೇನೂ ಅಲ್ಲ. ನೂರು ಮೊಟ್ಟೆಗೆ ಒಂದು ಟನ್ನಿನ ಮೇಲೆ ಸೊಪ್ಪು ಬೇಕು. (ಇಲ್ಲಿನವರ ಲೆಕ್ಕದಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಗುಂಪು, ಹೊರಗಿನಿಂದ ಬಂದವರು ಇದನ್ನು ಕೇಳಿ ಬೆಪ್ಪಾಗುವುದನ್ನು ನೋಡಿದ್ದೇನೆ.)

ರೆಕ್ಕೆಯ ವಿಷಯಕ್ಕೆ ಬರೋಣ. ಚೀನಾದ ಕಾಡುಚಿಟ್ಟೆ ಬಾಂಬಿಕ್ಸ್ ಮ್ಯಾಂಡರಿನಾದಿಂದ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಈ ತಳಿಯನ್ನು ಮನುಷ್ಯ ಪಳಗಿಸಿದ. ಕಾಡಿನದು ಇಂದಿಗೂ ಹಾರುತ್ತದೆ. ಮನೆಯದು ಮೊಟ್ಟೆ ತುಂಬಿದ ಮೈಯನ್ನು ಎತ್ತಲಾರದೆ ಕೂತಲ್ಲೇ ಇರುತ್ತದೆ. ಆದರೆ ಬಿತ್ತನೆ ಕೋಠಿಯಲ್ಲಿ ಬೆಳಗಿನ ಜಾವ ಚಿಟ್ಟೆ ಹೊರಬರುವ ಹೊತ್ತಿನಲ್ಲಿ ನಿಂತು ನೋಡಿದವರಿಗೆ ಗೊತ್ತು, ಗಂಡಿನ ರೆಕ್ಕೆ ಸುಮ್ಮನಿರುವುದಿಲ್ಲ. ಹೆಣ್ಣು ಹಿಂಬದಿಯ ಗ್ರಂಥಿ ಹೊರಚಾಚಿ ಗಂಧ ಬಿಡುತ್ತದೆ. ಗಂಡು ರೆಕ್ಕೆ ಪಟಪಟ ಬಡಿಯುತ್ತ, ತಿರುತಿರುಗಿ, ನೆಲದ ಮೇಲೆ ಓಡುತ್ತ ಅದರ ಬಳಿ ಬರುತ್ತದೆ. ಆ ಬಡಿತ ಎದುರಿನ ಗಾಳಿಯನ್ನು ಬಾಚಣಿಗೆಯಂಥ ಮೀಸೆಗಳ ಕಡೆಗೆ ಎಳೆದುಕೊಳ್ಳುತ್ತದೆ. ಹಾರಾಟ ಹೋದರೂ ಮೂಸುವ ಕೆಲಸಕ್ಕೆ ರೆಕ್ಕೆ ಉಳಿದಿದೆ. ಆ ಗಂಧದ ರಾಸಾಯನಿಕವನ್ನು 1959ರಲ್ಲಿ ಗುರುತಿಸಿದವರೂ ಬೂಟೆನಾಂಟರ ತಂಡದವರೇ, ಹೆಸರು ಬಾಂಬಿಕಾಲ್. ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಅದನ್ನು ತೆಗೆದರು. ಕೀಟಗಳ ಕಾಮಗಂಧಗಳಲ್ಲಿ ಮನುಷ್ಯನಿಗೆ ಮೊದಲು ತಿಳಿದದ್ದು ಅದು.

ಮಿಡತೆಯ ರೆಕ್ಕೆ ಹೋದದ್ದರಲ್ಲಿ ನಮ್ಮ ಕೈವಾಡವಿಲ್ಲ. ಅದಕ್ಕೆ ಕಾಲೇ ಬಂಡವಾಳ. ಜಿಗಿಯುವ ಮುಂಚೆ ಹಿಂಗಾಲನ್ನು ಮಡಚಿ, ಮೊಣಕಾಲಿನ ಬಳಿಯ ಗಟ್ಟಿ ಚರ್ಮವನ್ನು ಬಿಲ್ಲಿನಂತೆ ಬಗ್ಗಿಸಿ ಶಕ್ತಿ ಕೂಡಿಟ್ಟು, ಒಮ್ಮೆಗೇ ಬಿಡುತ್ತದೆ. ಹಾರದ ಪ್ರಾಣಿ ದೂರ ಹೋಗದು. ತೋಟದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಂಥದ್ದು: ಕಡಿತ ಹೆಚ್ಚಾಗಿ ಬದುವಿನ ಪಕ್ಕದ ಸಾಲುಗಳಲ್ಲಿ ಶುರುವಾಗುತ್ತದೆ. ಕಡ್ಡಿ ಸಮೇತ ಸೊಪ್ಪು ಕೊಯ್ದು ತೋಟ ಬೋಳಾದಾಗ ಮಿಡತೆ ಬದುವಿನ ಹುಲ್ಲು ಕಳೆಯಲ್ಲೇ ದಿನ ತಳ್ಳಬೇಕು, ಚಿಗುರು ಬಂದ ಮೇಲೆ ಕಾಲ್ನಡಿಗೆಯಲ್ಲೇ ಮರಳಬೇಕು.

ಹಾಗೆ ದಿನ ತಳ್ಳಲು ಅದಕ್ಕೆ ಸಾಧ್ಯವಾಗುವುದು ಅದರ ನಾಲಗೆಯಿಂದ. ಹಿಪ್ಪುನೇರಳೆ ಎಲೆ ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು ಬರುತ್ತದಲ್ಲ, ಅದರಲ್ಲಿ ಸಕ್ಕರೆಯ ವೇಷದ ವಿಷವಿದೆ. ಬೇರೆ ಹುಳುಗಳ ಹೊಟ್ಟೆಯಲ್ಲಿ ಸಕ್ಕರೆ ಜೀರ್ಣವಾಗದಂತೆ ಅದು ತಡೆಯುತ್ತದೆ. ಹರಳೆಲೆ ತಿನ್ನುವ ಈರಿ ಹುಳುವಿಗೆ ಅದು ವಿಷವೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು. ರೇಷ್ಮೆ ಹುಳು ಆ ವಿಷಕ್ಕೆ ಜಗ್ಗದ ಹೊಟ್ಟೆ ಪಡೆದಿದೆ. ಪ್ರತಿಯಾಗಿ ಬೇರೆ ಎಲ್ಲ ರುಚಿಯನ್ನೂ ಬಿಟ್ಟುಕೊಟ್ಟಿದೆ. ಅದರ ಒಂದೇ ಒಂದು ರುಚಿ ಜೀನನ್ನು ಕೆಡಿಸಿದಾಗ ಹುಳು ಬೇರೆ ಎಲೆ, ಹಣ್ಣು, ಕಾಳಿಗೂ ಬಾಯಿ ಹಾಕಿತು ಎಂದು ಚೀನಾದಿಂದ 2019ರಲ್ಲಿ ವರದಿಯಾಯಿತು. ಅಂದರೆ ‘ಬೇಡ’ ಎನ್ನುವ ಒಂದು ಗುರುತಿನ ಬಲದ ಮೇಲೆ ಈ ಜೀವ ಹಿಪ್ಪುನೇರಳೆಗೆ ಅಂಟಿಕೊಂಡಿದೆ. ಮಿಡತೆಗೆ ಅಂಥ ವ್ರತವಿಲ್ಲ. ಇಲ್ಲಿ ನಾಲ್ಕು ತುತ್ತು, ಅಲ್ಲಿ ನಾಲ್ಕು ತುತ್ತು. ಬರ ಬಂದ ವರ್ಷ ಹನೂರಿನ ಖುಷ್ಕಿ ಭೂಮಿಯಲ್ಲಿ ಹಿಪ್ಪುನೇರಳೆ ಒಣಗಿದರೆ ಹುಳು ಸಾಕುವಂತಿಲ್ಲ. ಮಿಡತೆ ಹಸಿರು ಎಲ್ಲಿ ಸಿಕ್ಕಿತೋ ಅಲ್ಲಿ ಬದುಕಿಕೊಳ್ಳುತ್ತದೆ.

ರೋಗದ ವಿಷಯದಲ್ಲಿ ಇವೆರಡರ ಚರಿತ್ರೆ ಕೂಡುವ ಒಂದು ಜಾಗ ನನ್ನನ್ನು ಬಹಳ ದಿನ ಕಾಡಿತು. ಹುಳು ಸಾಕುವವರಿಗೆ ಸುಣ್ಣಕಟ್ಟು, ಸಪ್ಪೆ ರೋಗ ಇವೆಲ್ಲ ಒಂದು ಬೆಳೆಯ ನಷ್ಟ. ಗಂಟು ರೋಗ ಬಂದರೆ ಮಾತ್ರ ಬಿತ್ತನೆಯೇ ಹೋದಂತೆ, ಏಕೆಂದರೆ ತಾಯಿಯಿಂದ ಮೊಟ್ಟೆಯೊಳಕ್ಕೇ ದಾಟುವ ರೋಗ ಅದು. ನೊಸೀಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ ಅದರ ಮೂಲ. ಫ್ರಾನ್ಸಿನ ರೇಷ್ಮೆ ಸೀಮೆ ಇದರಿಂದ ಮುಳುಗುತ್ತಿದ್ದಾಗ ಲೂಯಿ ಪಾಶ್ಚರ್ 1865ರಲ್ಲಿ ಅಲ್ಲಿಗೆ ಹೋಗಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ ತಂದರು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ. ಈ ನೊಸೀಮಾದ ಬಳಗದ್ದೇ ಇನ್ನೊಂದು ಜೀವಿ ಮಿಡತೆಗಳಿಗೆ ತಗಲುತ್ತದೆ. ನೊಸೀಮಾ ಲೊಕಸ್ಟೆ ಎಂಬ ಹೆಸರಿನಲ್ಲಿ ಅದು 1980ರಲ್ಲಿ ಅಮೆರಿಕದಲ್ಲಿ ಮಿಡತೆಯ ಔಷಧವಾಗಿ ನೋಂದಣಿಯಾಯಿತು. ಗೋಧಿ ತೌಡಿಗೆ ಬೆರೆಸಿ ಹುಲ್ಲುಗಾವಲಿಗೆ ಎರಚುತ್ತಾರೆ. ಒಂದು ಕಡೆ ಬಳಗದ ಒಬ್ಬನನ್ನು ಹಿಡಿಯಲು ಒಂದೊಂದು ಚಿಟ್ಟೆಯನ್ನೂ ಅರೆದು ನೋಡುತ್ತೇವೆ, ಇನ್ನೊಂದು ಕಡೆ ಅದೇ ಬಳಗದ ಇನ್ನೊಬ್ಬನನ್ನು ಮೂಟೆಗಟ್ಟಲೆ ಹೊಲಕ್ಕೆ ಬಿಡುತ್ತೇವೆ. ಹೊರಗಿನ ಕೀಟಗಳಿಂದ ಗಂಟು ರೋಗದ ಬಗೆಯ ಜೀವಿಗಳು ಹುಳು ಮನೆಗೆ ಬರಬಹುದೇ ಎಂದು ಪರೀಕ್ಷಿಸುತ್ತ ಬಂದಿರುವ ಸೀಮೆಯಲ್ಲಿ ಆ ಅಮೆರಿಕದ ದಾರಿ ಬೇಡವೆಂದೇ ನನ್ನ ಅಭಿಪ್ರಾಯ.

ವಂಶವಾಹಿಗಳ ಶಾಸ್ತ್ರಕ್ಕೂ ಇವೆರಡರ ಬಳಗ ಸಮನಾಗಿ ದುಡಿದಿದೆ, ಅದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ವರ್ಣತಂತುಗಳೇ ಮೆಂಡಲನ ಅಂಶಗಳನ್ನು ಹೊರುತ್ತವೆ ಎಂಬ ವಿಚಾರ 1902-03ರಲ್ಲಿ ವಾಲ್ಟರ್ ಸಟನ್‌ಗೆ ಹೊಳೆದದ್ದು ಅಮೆರಿಕದ ದಪ್ಪ ಮಿಡತೆಯೊಂದರ ವೃಷಣಕೋಶಗಳನ್ನು ನೋಡುವಾಗ. 1906ರಲ್ಲಿ ಜಪಾನಿನ ತೊಯಾಮಾ ಕಾಮೆತಾರೊ ಸಯಾಮಿನ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಕೂಡಿಸಿ, ಹುಳುವಿನಲ್ಲಿ ಮೆಂಡಲನ ನಿಯಮ ತೋರಿಸಿದರು. ಕೊಳ್ಳೇಗಾಲದ ಮಾರುಕಟ್ಟೆಗೆ ಬರುವ ಹಳದಿ ಮಿಶ್ರತಳಿ ಗೂಡು, ಮೈಸೂರು ತಳಿಯ ಹೆಣ್ಣಿಗೆ ಬಿಳಿಗೂಡಿನ ದ್ವಿತಳಿಯ ಗಂಡು ಕೂಡಿಸಿ ಪಡೆದದ್ದು, ಆ ಕೆಲಸದ ಮೊಮ್ಮಗು. ಮಿಡತೆಯಲ್ಲಿ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದೇ. ಚಿಟ್ಟೆಯಲ್ಲಿ ತಿರುಗುಮುರುಗು, ಬೆಸಜೋಡಿ ಇರುವುದು ಹೆಣ್ಣಿಗೆ. ಹುಳುವಿನ ಜೀನೋಮಿನ ಕರಡು 2004ರಲ್ಲೇ ಬಂತು, ಮನುಷ್ಯನದರ ಸುಮಾರು ಏಳನೇ ಒಂದು ಭಾಗದಷ್ಟು. 2014ರಲ್ಲಿ ಓದಿ ಮುಗಿಸಿದ ವಲಸೆ ಮಿಡತೆಯ ಜೀನೋಮು ಮನುಷ್ಯನದರ ಎರಡು ಪಟ್ಟು ದೊಡ್ಡದು.

ಇಷ್ಟೆಲ್ಲ ತಿಳಿದ ಮೇಲೂ ತೋಟದಲ್ಲಿ ನಿಂತವನ ಮುಂದಿರುವ ಪ್ರಶ್ನೆ ಬೇರೆ: ಮಿಡತೆ ಬಂದಿದೆ, ಏನು ಮಾಡುವುದು? ಬಹಳ ಕಾಲ ಇದಕ್ಕೆ ಡೈಕ್ಲೋರ್‌ವಾಸ್ ಸಿಂಪಡಿಸಿ, ಹೇಳಿದಷ್ಟು ದಿನ ಬಿಟ್ಟು ಸೊಪ್ಪು ಕೊಡಿ ಎಂಬ ಸಲಹೆಯಿತ್ತು. ಕೇಂದ್ರ ಸರ್ಕಾರದ 2018ರ ಆದೇಶದಂತೆ ಆ ಔಷಧದ ಬಳಕೆ 2020ರ ಕೊನೆಗೆ ನಿಂತಿತು. ಬೇರೆ ಔಷಧಗಳು ಅಂಗಡಿಯಲ್ಲಿವೆ. ಆದರೆ ಮಿಡತೆಯನ್ನು ಕೊಲ್ಲುವ ವಿಷಕ್ಕೆ ಹುಳುವಿನ ಗುರುತು ಹೇಗೆ ಸಿಗಬೇಕು? ಎರಡೂ ಕೀಟಗಳೇ, ನರ ಒಂದೇ ಬಗೆಯದು. ಅದರಲ್ಲೂ ಹುಳು ಸಾವಿರಾರು ವರ್ಷ ಮನೆಯೊಳಗೆ ಬೆಳೆದದ್ದು.

ನಮ್ಮ ಹತ್ತಿರದ ನೆಂಟರ ಮನೆಯಲ್ಲಿ ಒಂದು ಸಲ ನಾಲ್ಕನೇ ಜ್ವರ ಎದ್ದ ಹುಳು, ಎಂಟು ಹತ್ತು ದಿನದಲ್ಲಿ ಹಣ್ಣಾಗಬೇಕಾದದ್ದು, ಬೆಳಗಿನ ಸೊಪ್ಪು ತಿಂದ ಮೇಲೆ ತಲೆ ಅತ್ತಿತ್ತ ಎಸೆಯತೊಡಗಿತು. ಬಾಯಿಂದ ಹಸಿರು ನೀರು, ಮೈ ತಿರುಚಿ ಗಿಡ್ಡವಾಯಿತು. ಪಕ್ಕದ ಹೊಲದ ಟೊಮೆಟೊಗೆ ಹಿಂದಿನ ಸಂಜೆ ಹೊಡೆದ ಔಷಧ ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಪೂರ್ತಿ ನಿಶ್ಶಬ್ದ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಆ ಮನೆಯ ಅತ್ತೆ ಆ ದಿನ ಅಡುಗೆ ಮಾಡಲಿಲ್ಲ. ಮಾರನೆಯ ದಿನ ಅದೇ ಟೊಮೆಟೊ ಹೊಲದ ಬದುವಿನಲ್ಲಿ ಮಿಡತೆಗಳಿದ್ದವು. ಸಂಜೆ ಔಷಧ ಬೀಳುವಾಗ ಅವು ಎಲ್ಲಿ ಕೆಳಗಿಳಿದು ಕೂತಿದ್ದವೋ.

ಅದಕ್ಕೇ ನಾನು ಔಷಧಕ್ಕಿಂತ ಮಿಡತೆಯ ಮೈಯಲ್ಲೇ ಇರುವ ಉತ್ತರವನ್ನು ನಂಬುತ್ತೇನೆ. ಅದಕ್ಕೆ ರೆಕ್ಕೆಯಿಲ್ಲ, ಮೊಟ್ಟೆ ಮಣ್ಣಿನಲ್ಲಿ. ಈ ಎರಡೇ ಸಂಗತಿ ಸಾಕು. ಬದುವನ್ನು ಕೆರೆದು ಕಳೆ ತೆಗೆದರೆ ತೋಟ ಬೋಳಾದಾಗ ಅದಕ್ಕೆ ತಂಗಲು ಮನೆಯಿಲ್ಲ. ಬೇಸಿಗೆಯ ಉಳುಮೆಯಲ್ಲಿ ಸಾಲಿನ ನಡುವೆಯೂ ಬದುವಿನ ಬುಡದಲ್ಲೂ ಮಣ್ಣು ಮಗುಚಿದರೆ ಮೊಟ್ಟೆಗಳು ಬಿಸಿಲಿಗೆ ಒಣಗುತ್ತವೆ, ಗೊರವಂಕಗಳೂ ಊರ ಕೋಳಿಗಳೂ ಉಳಿದದ್ದನ್ನು ಮುಗಿಸುತ್ತವೆ. ಮುಂಜಾನೆಯ ಚಳಿಗೆ ಮಿಡತೆ ಮಂಕಾಗಿರುತ್ತದೆ, ಆಗ ಬಲೆಯಲ್ಲಿ ಸುಲಭವಾಗಿ ಸಿಗುತ್ತದೆ. ಹಾರುವ ಪೀಡೆಗೆ ಈ ಯಾವುದೂ ನಡೆಯುವುದಿಲ್ಲ. ಕೂಲಿ ದುಬಾರಿಯಾಗಿದೆ, ಬದು ಕೆರೆಯಲು ಆಳು ಸಿಗುವುದಿಲ್ಲ ಎಂಬ ಮಾತು ನಿಜ. ಆ ಕೂಲಿಯನ್ನು ಮಣ್ಣಿನಡಿ ಹೋದ ಒಂದು ಬೆಳೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು.

ಬಿತ್ತನೆ ಕೋಠಿಯಲ್ಲಿ ಹೆಣ್ಣು ಚಿಟ್ಟೆಯನ್ನು ಜೋಡಿಯಿಂದ ಬಿಡಿಸಿ ಕಾಗದದ ಮೇಲಿಟ್ಟು ಮೇಲೆ ಸಣ್ಣ ಬಟ್ಟಲು ಕವುಚುತ್ತಾರೆ. ಕತ್ತಲಲ್ಲಿ ಅದು ರಾತ್ರಿಯಿಡೀ ಮೊಟ್ಟೆಯಿಡುತ್ತದೆ, ಒಂದರ ಪಕ್ಕ ಒಂದು, ರಾಗಿ ಕಾಳಿಗಿಂತ ಸಣ್ಣವು. ಬೆಳಿಗ್ಗೆ ಬಟ್ಟಲು ತೆಗೆದು ಕಾಗದಕ್ಕೆ ಗುರುತು ಹಾಕಿ, ತಾಯಿಯನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಗಂಟು ಕಾಣದಿದ್ದರೆ ಆ ಕಾಗದ ಯಾವುದೋ ಮನೆಗೆ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ಮೊಟ್ಟೆಯೊಡೆದು ಎಳೆಯ ಚಾಕಿ ಹುಳು, ಎಳೆ ಸೊಪ್ಪು.

ಯಳಂದೂರಿನ ಆ ಬದುವಿಗೆ ನಾನು ಮತ್ತೆ ಹೋದಾಗ ತೋಟವನ್ನು ಕಡ್ಡಿ ಸಮೇತ ಕೊಯ್ದಿದ್ದರು. ಚೂಪುತಲೆಯ ಹೆಣ್ಣೊಂದು ತೇವದ ಮಣ್ಣಿನಲ್ಲಿ ಹೊಟ್ಟೆಯ ತುದಿಯನ್ನು ಅರ್ಧದಷ್ಟು ಇಳಿಸಿ ನಿಂತಿತ್ತು. ಗಂಡು ಇನ್ನೂ ಬೆನ್ನ ಮೇಲೇ ಇತ್ತು. ಬಹಳ ಹೊತ್ತಾದ ಮೇಲೆ ಹೆಣ್ಣು ಹೊಟ್ಟೆಯನ್ನು ಹೊರಗೆಳೆದುಕೊಂಡು, ಹಿಂಗಾಲಿನಿಂದ ಮಣ್ಣು ತಳ್ಳಿ, ಪಕ್ಕದ ಹುಲ್ಲಿನ ಎಸಳೊಂದನ್ನು ಹತ್ತಿ ತಿನ್ನತೊಡಗಿತು.